ಪ್ರೌಢಶಾಲೆಯಲ್ಲಿ ಇತಿಹಾಸದ ವ್ಯಾಸಂಗ

ಪ್ರಾಥಮಿಕ ತರಗತಿಗಳಲ್ಲಿ ಅರಸರ, ಶೂರರ, ಸಾಧುಸಂತರ ಕಥೆಗಳನ್ನು ಕೇಳಿ ಬಂದ ಬಾಲಕಬಾಲಿಕೆಯರು, ಹದಿಮೂರರಿಂದ ಹದಿನಾರರವರೆಗಿನ ವಯಸ್ಸಿನಲ್ಲಿ, ಆ ಕಥೆಗಳ ಹಿಂದಿರುವ ಕಾಲ, ದೇಶ, ಕಾರಣ, ಆಧಾರಗಳನ್ನು ಕ್ರಮವಾಗಿ ಅರಿಯಲೆಂದು ಏರ್ಪಟ್ಟಿರುವ ಪಾಠಕ್ರಮಕ್ಕೆ ಪ್ರೌಢಶಾಲೆಯ ಇತಿಹಾಸವ್ಯಾಸಂಗವೆಂದು ಹೆಸರು. ಕರ್ನಾಟಕದಲ್ಲಿ ಇದು ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳ ಮೂರು ವರ್ಷಗಳಲ್ಲಿ ಹರಡಿಕೊಂಡು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಮುಕ್ತಾಯಗೊಳ್ಳುವುದು. ಇಲ್ಲಿ ಇತಿಹಾಸಕ್ಕೆ ಸ್ವತಂತ್ರವಾದ ಪೀಠವಿಲ್ಲ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಇವುಗಳೊಡನೆ ಅದು ಸಮಾಜವಿಜ್ಞಾನವೆಂಬ ಒಂದೇ ವಿಷಯದ ಅಂಗವಾಗಿದೆ. ಹತ್ತನೆಯ ತರಗತಿಯನ್ನು ದಾಟಿದವರಲ್ಲಿ ಅನೇಕರು ವಿಜ್ಞಾನವನ್ನೋ ವಾಣಿಜ್ಯವನ್ನೋ ಹಿಡಿಯುವುದರಿಂದ, ಅವರ ಪಾಲಿಗೆ ಇತಿಹಾಸವನ್ನು ಗುರುಮುಖದಿಂದ ಓದುವ ಕಡೆಯ ಅವಕಾಶ ಈ ಮೂರು ವರ್ಷಗಳೇ ಆಗಿರುವುವು. ಈ ಒಂದು ಸಂಗತಿಯೇ ಈ ಪಾಠಕ್ರಮಕ್ಕೆ ಇತರ ವಿಷಯಗಳಿಗಿಲ್ಲದ ಹೊಣೆಯನ್ನು ತಂದಿದೆ.

ನಮ್ಮ ಹಳೆಯ ಕೂಲಿಮಠಗಳಲ್ಲಿ ಅಕ್ಷರ, ಲೆಕ್ಕ, ಕಾವ್ಯವಾಚನಗಳಿದ್ದುವೇ ಹೊರತು ಇತಿಹಾಸವೆಂಬ ಪ್ರತ್ಯೇಕ ಪಾಠವಿರಲಿಲ್ಲ. 1854ರ ವುಡ್ಡನ ಶಿಕ್ಷಣ ನಿರೂಪದ ತರುವಾಯ, 1857ರಲ್ಲಿ ಮುಂಬಯಿ ಮತ್ತು ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾಗಿ, ಅವುಗಳ ಮೆಟ್ರಿಕ್ಯುಲೇಷನ್ ಪರೀಕ್ಷೆಯೇ ಹೈಸ್ಕೂಲುಗಳ ಗುರಿಯಾದ ಮೇಲೆ ಇತಿಹಾಸ ಇಲ್ಲಿ ಪಾಠವಿಷಯವಾಯಿತು. ಧಾರವಾಡ ಬೆಳಗಾವಿಗಳ ಹುಡುಗರು ಮುಂಬಯಿಯ ಕಡೆಗೂ, ಮಂಗಳೂರು ಬಳ್ಳಾರಿಗಳ ಹುಡುಗರು ಮದರಾಸಿನ ಕಡೆಗೂ ಮುಖಮಾಡಬೇಕಾಗಿದ್ದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ತಲೆಯೆತ್ತುವ ಪರ್ಯಂತ ಸಂಸ್ಥಾನದ ವಿದ್ಯಾರ್ಥಿಗಳಿಗೂ ಮದರಾಸೇ ಗತಿಯಾಗಿದ್ದಿತು. ಇಂಗ್ಲೆಂಡಿನ ಅರಸುವಂಶಗಳ ಅನುಕ್ರಮವನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ಬಾಲಕನು ತನ್ನೂರಿನ ದೇಗುಲವನ್ನು ಯಾವ ವಂಶದವರು ಕಟ್ಟಿಸಿದರೆಂಬುದನ್ನು ಅರಿಯದೆ ಇರುತ್ತಿದ್ದುದು ಆ ವ್ಯವಸ್ಥೆಯ ಸಹಜ ಫಲ.

ಇದೇ ಕಾಲದಲ್ಲಿ ಶಾಲೆಯ ಹೊರಗೆ ನಾಡಿನ ಗತಕಾಲ ಬೆಳಕಿಗೆ ಬರುತ್ತಿದ್ದುದು ಗಮನಾರ್ಹ. ಮೈಸೂರಿನ ವಿದ್ಯಾ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಬಿ. ಎಲ್. ರೈಸರು 1886ರಿಂದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಸಹಸ್ರಾರು ಶಾಸನಗಳನ್ನು ಪ್ರಕಟಿಸಿದರು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಚರಿತ್ರೆಯನ್ನು ಜೆ. ಎಫ್. ಫ್ಲೀಟರು 1882ರಲ್ಲಿ ಬರೆದರು. ರೈಸರ ಶಾಸನಕಾರ್ಯವನ್ನು ಆರ್. ನರಸಿಂಹಾಚಾರ್ಯರು, ತರುವಾಯ ಎಂ. ಎಚ್. ಕೃಷ್ಣರು ಮುಂದುವರಿಸಿದರು. 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಸ್ಥಾಪಿತವಾಯಿತು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೊರಬಂದಿತು. ಆದರೆ ಸಂಶೋಧಕನ ಮೇಜಿನಿಂದ ಹುಡುಗನ ಹಲಗೆಯವರೆಗಿನ ದಾರಿ ಬಹು ದೀರ್ಘವಾದುದು. ಆಲೂರರ ಗ್ರಂಥವನ್ನು ಅಂದಿನ ಯುವಕರು ಅಷ್ಟೊಂದು ಆವೇಶದಿಂದ ಓದಿದುದಕ್ಕೆ ಅದರ ಭಾಷೆಯ ಓಜಸ್ಸು ಒಂದು ಕಾರಣವಾದರೆ, ಅದರಲ್ಲಿದ್ದ ಸಂಗತಿಗಳು ಅವರಿಗೆ ಹೈಸ್ಕೂಲಿನಲ್ಲಿ ದೊರೆಯದೆ ಹೋಗಿದ್ದುದು ಇನ್ನೊಂದು ಕಾರಣ.

ಸ್ವಾತಂತ್ರ್ಯಾನಂತರ ಎರಡು ಬದಲಾವಣೆಗಳು ಒಟ್ಟಿಗೆ ಬಂದುವು. 1952–53ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು ಇತಿಹಾಸ, ಭೂಗೋಳ, ಪೌರನೀತಿಗಳನ್ನು ಬೇರೆಬೇರೆಯಾಗಿ ಕಲಿಸುವುದಕ್ಕಿಂತ ಸಮಾಜ ಪರಿಚಯದ ಒಂದೇ ವಿಷಯವಾಗಿ ಹೆಣೆಯುವುದು ಲೇಸೆಂಬ ಅಭಿಪ್ರಾಯವನ್ನು ಮುಂದಿಟ್ಟಿತು. 1953ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳೂ, 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು ರಾಜ್ಯಗಳ ಕನ್ನಡ ಭಾಗಗಳೂ ಕೊಡಗೂ ಮೈಸೂರಿನೊಡನೆ ಸೇರಿದುದು ಎರಡನೆಯ ಬದಲಾವಣೆ. ಅದರೊಡನೆ ಒಂದು ಸಮಸ್ಯೆಯೂ ಎದುರಾಯಿತು: ನಾಲ್ಕಾರು ಆಡಳಿತಗಳಿಂದ ಬಂದ ಮಕ್ಕಳು ನಾಲ್ಕಾರು ಇತಿಹಾಸಗಳನ್ನು ಓದಿ ಬಂದಿದ್ದರು. ಧಾರವಾಡದ ಬಾಲಕನಿಗೆ ಪೇಶವೆಗಳು ಪರಿಚಿತರು. ಮೈಸೂರಿನವನಿಗೆ ಒಡೆಯರೂ ಹೈದರ್ ಟಿಪ್ಪುಗಳೂ ಪರಿಚಿತರು. ಕಲಬುರಗಿ ರಾಯಚೂರುಗಳ ಪ್ರೌಢಶಾಲೆಗಳಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವನಿಗೆ ಆಸಫಜಾಹೀ ನಿಜಾಮರು ಪರಿಚಿತರು. ಕನ್ನಡಿಗರೆಲ್ಲರಿಗೂ ಸಲ್ಲುವ ಒಂದೇ ಇತಿಹಾಸಪಾಠವನ್ನು ರಚಿಸಬೇಕಾದ ಪ್ರಮೇಯ ಆಗಲೇ ಮೊದಲ ಬಾರಿಗೆ ಬಂದುದು. 1966ರಲ್ಲಿ ಸ್ಥಾಪಿತವಾದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯಿಂದ ಪರೀಕ್ಷೆಯಲ್ಲಿ ಏಕರೂಪತೆ ನೆಲೆಗೊಂಡಿತು. 1964–66ರ ಕೊಠಾರಿ ಆಯೋಗದ ಸಲಹೆಯ ಮೇರೆಗೆ ದೇಶದಲ್ಲೆಲ್ಲ ಹತ್ತು ವರ್ಷಗಳ ಸಾಮಾನ್ಯ ಶಿಕ್ಷಣವೂ, ಆ ಮೇಲೆ ಎರಡು ವರ್ಷಗಳ ಉನ್ನತ ಮಾಧ್ಯಮಿಕವೂ ರೂಢಿಗೆ ಬಂದುವು.

ಇತಿಹಾಸವನ್ನು ಸಮಾಜವಿಜ್ಞಾನದಲ್ಲಿ ಅಡಕಗೊಳಿಸಿದುದರಿಂದ ಲಾಭವೂ ಉಂಟು, ನಷ್ಟವೂ ಉಂಟು. ವಿಜಯನಗರದ ಪಾಠವನ್ನು ಓದುವವನು ತುಂಗಭದ್ರೆಯ ಕಣಿವೆಯನ್ನೂ ಅಲ್ಲಿಯ ಕೆರೆ ಕಾಲುವೆಗಳನ್ನೂ ಒಡನೆಯೇ ಅರಿತರೆ, ಆ ಸಾಮ್ರಾಜ್ಯದ ಸಂಪತ್ತಿಗೆ ಕಾರಣವೇನೆಂಬುದು ಸುಲಭವಾಗಿ ವಿಶದವಾಗುವುದು. ಇಂಥ ಸಂಬಂಧ ಪಾಠದಲ್ಲಿ ನಿಜವಾಗಿ ಘಟಿಸಿದರೆ ಲಾಭವೇ ಸರಿ. ಆದರೆ ಬಹುಮಟ್ಟಿಗೆ ಆರು ವಿಷಯಗಳು ಒಂದೇ ರಟ್ಟಿನೊಳಗೆ ಪಕ್ಕಪಕ್ಕದಲ್ಲಿ ಕುಳಿತಿವೆಯೇ ಹೊರತು ಒಂದರೊಡನೊಂದು ಮಾತನಾಡುವುದಿಲ್ಲ. ಇತಿಹಾಸದ ಪಾಲಿಗಾದರೋ ವಾರಕ್ಕೆ ದೊರೆಯುವ ಅವಧಿಗಳು ಕಡಮೆಯಾಗಿವೆ.

ಮೂರು ವರ್ಷಗಳ ವಿಷಯವಿಭಾಗ ಸ್ಥೂಲವಾಗಿ ಕಾಲಾನುಕ್ರಮವನ್ನು ಅನುಸರಿಸಿದೆ. ಎಂಟನೆಯ ತರಗತಿಯಲ್ಲಿ ಪ್ರಾಚೀನ ನಾಗರಿಕತೆಗಳು, ಜೈನ ಬೌದ್ಧ ಧರ್ಮಗಳು, ಮೌರ್ಯರು, ಗುಪ್ತರು, ಶಾತವಾಹನರು ಮೊದಲ್ಗೊಂಡು ಹೊಯ್ಸಳರವರೆಗಿನ ದಕ್ಷಿಣದ ಅರಸುಮನೆತನಗಳು. ಒಂಬತ್ತನೆಯದರಲ್ಲಿ ಮಧ್ಯಯುಗ, ಮತಾಚಾರ್ಯರು, ವಿಜಯನಗರ ಬಹಮನಿ ರಾಜ್ಯಗಳು, ಮೊಗಲರು, ಮರಾಠರು, ಭಕ್ತಿಪಂಥ, ಯುರೋಪಿನ ಪುನರುಜ್ಜೀವನ ಮತ್ತು ಕ್ರಾಂತಿಗಳು. ಹತ್ತನೆಯದರಲ್ಲಿ ಯುರೋಪಿಯನ್ನರ ಆಗಮನದಿಂದ ತೊಡಗಿ ಸ್ವಾತಂತ್ರ್ಯೋತ್ತರ ಭಾರತದವರೆಗಿನ ವೃತ್ತಾಂತ. ಹೀಗೆ ಕಾಲದ ಸರಣಿಯನ್ನೇ ಹಿಡಿದು ಸಾಗುವುದಕ್ಕೆ ಕಾಲಾನುಕ್ರಮ ಪದ್ಧತಿಯೆಂದೂ, ಚಿಕ್ಕ ವೃತ್ತದಲ್ಲಿ ಒಮ್ಮೆ ಎಲ್ಲವನ್ನೂ ಹೇಳಿ ಮುಂದಿನ ತರಗತಿಗಳಲ್ಲಿ ಅದನ್ನೇ ದೊಡ್ಡ ವೃತ್ತಗಳಲ್ಲಿ ವಿಸ್ತರಿಸುವುದಕ್ಕೆ ಏಕಕೇಂದ್ರ ಪದ್ಧತಿಯೆಂದೂ ಶಿಕ್ಷಣಶಾಸ್ತ್ರದಲ್ಲಿ ಹೆಸರು. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಮ್ಮೆ ಕೇಳಿದುದೇ ಪ್ರೌಢಶಾಲೆಯಲ್ಲಿ ಹಿಗ್ಗಿ ಮರಳುವುದರಿಂದ ನಮ್ಮಲ್ಲಿ ಎರಡೂ ಮಿಶ್ರವಾಗಿವೆ.

ಕಾಲಾನುಕ್ರಮದಲ್ಲಿ ಒಂದು ತೊಡಕುಂಟು. ಇತಿಹಾಸದಲ್ಲಿ ಆಧಾರಗಳು ವಿರಳವಾಗಿಯೂ ಗೂಢವಾಗಿಯೂ ಇರುವುದು ಪ್ರಾಚೀನ ಯುಗದಲ್ಲಿ. ಅದನ್ನು ಓದುವವರು ಮೂವರಲ್ಲಿ ಅತ್ಯಂತ ಕಿರಿಯರಾದ ಎಂಟನೆಯ ತರಗತಿಯವರು. ಪಠ್ಯಪುಸ್ತಕವು ಈ ತೊಡಕನ್ನು ಅರಿತೇ, ಸಾಹಿತ್ಯ, ಶಾಸನ, ನಾಣ್ಯ, ಸ್ಮಾರಕ, ಮೌಖಿಕ ಪರಂಪರೆ ಎಂಬ ಆಧಾರಗಳ ಪಾಠದಿಂದ ಆರಂಭವಾಗುವುದು. ಪ್ರಶಂಸಾರ್ಹವಾದ ಆರಂಭವಿದು. ಆದರೆ ಆ ಪಾಠ ಒಮ್ಮೆ ಮುಗಿದ ಮೇಲೆ, ಮೂರು ವರ್ಷಗಳ ಉಳಿದ ಅವಧಿಯಲ್ಲಿ ಆಧಾರದ ಮಾತು ಅಪರೂಪವಾಗಿ ಕೇಳಿಬರುವುದು. ಅರಸರು, ಯುದ್ಧಗಳು, ಕೊಡುಗೆಗಳು ನಿರ್ವಿವಾದ ಸಿದ್ಧಾಂತಗಳಂತೆ ಸಾಲಾಗಿ ಬಂದು ಹೋಗುವುವು. ಪ್ರೌಢಶಾಲೆಯ ಇತಿಹಾಸವ್ಯಾಸಂಗದ ಮುಖ್ಯ ನ್ಯೂನತೆಯನ್ನು ಇಲ್ಲಿಯೇ ಹುಡುಕಬೇಕು. ಒಂದು ಸಂಗತಿ ನಮಗೆ ಹೇಗೆ ತಿಳಿದುಬಂದಿತೆಂಬುದು ಆ ಸಂಗತಿಯೊಡನೆಯೇ, ಪ್ರತಿ ತರಗತಿಯಲ್ಲಿಯೂ, ಆಯಾ ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ಬಾಲಕನಿಗೆ ದೊರೆಯತಕ್ಕದ್ದು.

ಅದು ಅಸಾಧ್ಯವೇನೂ ಅಲ್ಲವೆಂಬುದಕ್ಕೆ ಮೌರ್ಯರ ಪಾಠವೇ ಸಾಕ್ಷಿ. ಜೇಮ್ಸ್ ಪ್ರಿನ್ಸೆಪ್ 1837ರ ಸುಮಾರಿಗೆ ಬ್ರಾಹ್ಮಿ ಲಿಪಿಯನ್ನು ಓದಿದಾಗ ಬಂಡೆ ಕಂಬಗಳ ಮೇಲೆ ಕಂಡುಬಂದುದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದುಗಳು. ಅರಸನ ಅಂಕಿತನಾಮ ಅಲ್ಲಿರಲಿಲ್ಲ. ಸಿಂಹಳದ ಬೌದ್ಧ ವೃತ್ತಾಂತಗಳ ನೆರವಿನಿಂದ ಅವನು ಅಶೋಕನೇ ಇರಬೇಕೆಂದು ವಿದ್ವಾಂಸರು ಊಹಿಸಿದರು. 1892ರಲ್ಲಿ ರೈಸರು ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅದೇ ಅರಸನ ಶಾಸನಗಳನ್ನು ಕಂಡುಹಿಡಿದರು. ಸುವರ್ಣಗಿರಿಯ ಅಧಿಕಾರಿಗಳಿಂದ ಇಸಿಲದ ಮಹಾಮಾತ್ರರಿಗೆ ಹೋದ ಆಜ್ಞೆ ಅದು, ಬರೆದವನು ಚಪಡನೆಂಬ ಲಿಪಿಕಾರ. ಅವನು ತನ್ನ ವೃತ್ತಿನಾಮವನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಕಡೆಗೆ 1915ರಲ್ಲಿ, ನಿಜಾಮರ ಸೀಮೆಯಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಈಗಿನ ರಾಯಚೂರು ಜಿಲ್ಲೆಯ ಮಸ್ಕಿಯ ಬೆಟ್ಟದಲ್ಲಿ ಒಂದು ಬರಹ ಕಣ್ಣಿಗೆ ಬಿತ್ತು. ಅದರಲ್ಲಿ ‘ಅಶೋಕ’ ಎಂಬ ಹೆಸರೇ ಇದ್ದಿತು. ಎಂಟು ದಶಕಗಳ ಊಹೆ ಅಂದು ನಿಶ್ಚಯವಾಯಿತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಆ ಹೆಸರು ದೊರೆಯಿತು. ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ಅರಸನ ಶಿಲ್ಪದೊಡನೆ ‘ರಾಯ ಅಶೋಕ’ ಎಂಬ ಅರ್ಥದ ಬರಹವೂ ಬೆಳಕು ಕಂಡಿತು. ಇಷ್ಟನ್ನೂ ಹೇಳಲು ಒಂದು ತರಗತಿಯ ಅವಧಿ ಸಾಕು. ಅಶೋಕನು ಕಳಿಂಗವನ್ನು ಗೆದ್ದು ಪಶ್ಚಾತ್ತಾಪಪಟ್ಟನೆಂಬ ವಾಕ್ಯವನ್ನು ಉರುಹೊಡೆದ ಹುಡುಗನಿಗೆ ಪ್ರಾಪ್ತವಾಗದ ಒಂದು ವಸ್ತು ಇದನ್ನು ಕೇಳಿದ ಹುಡುಗನಿಗೆ ಪ್ರಾಪ್ತವಾಗುವುದು. ಗತಕಾಲದ ಜ್ಞಾನವನ್ನು ಮನುಷ್ಯರು ಪರಿಶ್ರಮದಿಂದ ಸಂಪಾದಿಸುವರು, ಹೊಸ ಆಧಾರ ಬಂದಂತೆ ಅದು ದೃಢವಾಗುವುದು ಅಥವಾ ಬದಲಾಗುವುದು ಎಂಬ ಅರಿವು ಅದು.

ಬಾದಾಮಿಯ ಚಾಲುಕ್ಯರ ಪಾಠದಲ್ಲಿಯೂ ಇಂಥದೇ ಸದವಕಾಶವುಂಟು. ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ರವಿಕೀರ್ತಿಯ ಶಾಸನದ ಕಾಲ ಶಕವರ್ಷ 556. ಶಕವರ್ಷಕ್ಕೆ 78ನ್ನು ಕೂಡಿದರೆ ಕ್ರಿಸ್ತಶಕ ದೊರೆಯುವುದೆಂಬ ಲೆಕ್ಕವನ್ನು ಹೇಳಿಕೊಟ್ಟ ಮೇಲೆ 634 ಎಂಬ ಉತ್ತರವನ್ನು ಮಕ್ಕಳೇ ತೆಗೆಯಬಲ್ಲರು. ಇಮ್ಮಡಿ ಪುಲಿಕೇಶಿಯು ಹರ್ಷನ ಸೇನೆಯನ್ನು ತಡೆದ ಸಂಗತಿಯನ್ನು ಆಸ್ಥಾನಕವಿಯಾದ ರವಿಕೀರ್ತಿ ಕೊಂಡಾಡಿದ್ದಾನೆ. ಆಸ್ಥಾನಕವಿಯ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ಕೇಳುವ ಚುರುಕು ವಿದ್ಯಾರ್ಥಿಗೆ, ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನೂ ಈ ನಾಡಿನವರನ್ನು ಹರ್ಷನು ಮಣಿಸಲಾರದೆ ಹೋದನೆಂದು ಬರೆದಿರುವುದನ್ನು ತೋರಿಸಿದರೆ, ಪರಸ್ಪರ ಸಂಬಂಧವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನಾಡುವುದರ ಬೆಲೆ ತಾನಾಗಿಯೇ ತಿಳಿಯುವುದು.

ಒಂಬತ್ತನೆಯ ತರಗತಿಯ ಪಾಠಗಳು ವಿಸ್ತಾರದಲ್ಲಿ ಹೆಚ್ಚು, ಆಳದಲ್ಲಿ ಕಡಮೆ. ಬಸವಣ್ಣನವರಿಂದ ಫ್ರಾನ್ಸಿನ ಮಹಾಕ್ರಾಂತಿಯವರೆಗೆ ಒಂದೇ ವರ್ಷದಲ್ಲಿ ಸಂಚರಿಸಬೇಕಾದ ವಿದ್ಯಾರ್ಥಿಗೆ ಎಲ್ಲಿಯೂ ನಿಲ್ಲಲು ವ್ಯವಧಾನವಿರುವುದಿಲ್ಲ.

ಹತ್ತನೆಯ ತರಗತಿಯ ಸ್ಥಿತಿ ಬೇರೆ. ಇಲ್ಲಿ ಕಾಲ ಹತ್ತಿರದ್ದು, ಆಧಾರಗಳು ವಿಪುಲ, ಓದುವವರ ಬುದ್ಧಿಯೂ ಪಕ್ವವಾಗುತ್ತಿರುವಂಥದು. ಕರ್ನಾಟಕದಲ್ಲಿ ಬ್ರಿಟಿಷರಿಗೆ ಎದುರಾದ ಪ್ರತಿರೋಧಗಳನ್ನು ಕುರಿತ ಪಾಠ ಇದರ ವಿಶೇಷ: 1824ರ ಕಿತ್ತೂರಿನ ಕದನ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ, ಸುರಪುರದ ವೆಂಕಟಪ್ಪನಾಯಕ, ಹಲಗಲಿಯ ಬೇಡರು. ಇವರಲ್ಲಿ ಹಲಗಲಿಯ ಪ್ರಸಂಗವನ್ನು ತುಸು ಸಮೀಪದಿಂದ ನೋಡುವುದು ಯುಕ್ತ. 1857ರಲ್ಲಿ ಕಂಪನಿ ಸರಕಾರವು ಜನರು ಅನುಮತಿಯಿಲ್ಲದೆ ಆಯುಧಗಳನ್ನಿಟ್ಟುಕೊಳ್ಳಬಾರದೆಂದು ಕಾನೂನು ಮಾಡಿತು. ಬೇಟೆಯೇ ಬದುಕೂ, ಆಯುಧವೇ ಮಾನವೂ ಆಗಿದ್ದ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ನಿರಾಕರಿಸಿದರು. ಆ ವರ್ಷದ ನವೆಂಬರಿನಲ್ಲಿ ಸೇನೆ ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಸರಕಾರದ ದೃಷ್ಟಿಯಲ್ಲಿ ಇದು ಕಾನೂನಿಗೆ ಅವಿಧೇಯರಾದವರ ದಂಡನೆ. ಜನರ ನಾಲಗೆಯ ಮೇಲಾದರೋ ಇದೇ ಘಟನೆ ಲಾವಣಿಯಾಗಿ ಉಳಿಯಿತು. 1880ರ ದಶಕದಲ್ಲಿ ಫ್ಲೀಟರೇ ಅದನ್ನು ಬರೆಯಿಸಿಕೊಂಡು ಇಂಗ್ಲಿಷ್ ಅನುವಾದದೊಡನೆ ಅಚ್ಚುಮಾಡಿಸಿದರು. ಸೈನಿಕರು ದೋಚಿಕೊಂಡು ಹೋದ ಉಪ್ಪು, ಎಣ್ಣೆ, ಬೆಲ್ಲ, ಗಂಗಾಳ, ಮಂಗಳಸೂತ್ರಗಳನ್ನು ಲಾವಣಿಕಾರನು ಒಂದೊಂದಾಗಿ ಎಣಿಸುತ್ತಾನೆ. ಮನೆಯೊಳಗಿನಿಂದ ಕಂಡ ಯುದ್ಧವಿದು.

ಈ ಲಾವಣಿ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿಯೂ ಸ್ಥಾನ ಪಡೆದಿರುವುದು ಒಂದು ಸುಯೋಗ. ಒಂದೇ ವಿದ್ಯಾರ್ಥಿಯು ಒಂದೇ ವರ್ಷದಲ್ಲಿ ಹಲಗಲಿಯನ್ನು ಕನ್ನಡ ಪಂಡಿತರಿಂದ ಪದ್ಯವಾಗಿಯೂ, ಸಮಾಜವಿಜ್ಞಾನದ ಮೇಷ್ಟರಿಂದ ಪ್ರತಿರೋಧದ ಪಾಠವಾಗಿಯೂ ಕೇಳುತ್ತಾನೆ. ಇಬ್ಬರು ಉಪಾಧ್ಯಾಯರೂ ಒಂದು ದಿನ ಒಟ್ಟಿಗೆ ಕುಳಿತು, ಪದ್ಯ ಏನನ್ನು ಹೇಳುತ್ತದೆ, ದಫ್ತರ ಏನನ್ನು ಹೇಳುತ್ತದೆ, ಎರಡರಲ್ಲಿಯೂ ಇರುವುದೇನು, ಒಂದರಲ್ಲಿ ಮಾತ್ರ ಇರುವುದೇನು ಎಂದು ವಿದ್ಯಾರ್ಥಿಗಳಿಂದಲೇ ಹೇಳಿಸಿದರೆ, ಅದಕ್ಕಿಂತ ಉತ್ತಮವಾದ ಇತಿಹಾಸಪಾಠ ಈ ತರಗತಿಗೆ ಬೇರೊಂದು ದೊರೆಯಲಾರದು. ಸಮಾಜವಿಜ್ಞಾನ ಪುಸ್ತಕದ ಮತ್ತೊಂದು ಪಾಠವಾದ 1857ರ ಸಂಗ್ರಾಮವೂ ಇಂಥ ವಿಮರ್ಶೆಗೆ ಎಡೆಕೊಡುವುದು. ಇಂಗ್ಲಿಷ್ ಲೇಖಕರು ಸಿಪಾಯಿಗಳ ದಂಗೆಯೆಂದುದನ್ನು ಸಾವರ್ಕರರು 1909ರಲ್ಲಿ ಸ್ವಾತಂತ್ರ್ಯಸಮರವೆಂದು ಬರೆದರು. ಅದರ ಶತಮಾನೋತ್ಸವದ ವರ್ಷವಾದ 1957ರಲ್ಲಿ ಗ್ರಂಥಗಳನ್ನು ಪ್ರಕಟಿಸಿದ ಆರ್. ಸಿ. ಮಜುಂದಾರ್ ಮತ್ತು ಸುರೇಂದ್ರನಾಥ ಸೇನರು ಆಧಾರಗಳನ್ನು ತೂಗಿ ತಂತಮ್ಮ ಬೇರೆ ನಿರ್ಣಯಗಳಿಗೆ ಬಂದರು. ಹದಿನಾರರ ಹರೆಯದವರಿಗೆ ಈ ಭಿನ್ನಾಭಿಪ್ರಾಯವನ್ನು ಮರೆಮಾಚಬೇಕಾದ ಅಗತ್ಯವಿಲ್ಲ.

ಆ ವಯಸ್ಸಿನವರಿಗೆ ಇಂಥ ವಿವೇಚನೆ ಸಾಧ್ಯವೆ ಎಂಬ ಪ್ರಶ್ನೆ ವಿದ್ವಾಂಸರಲ್ಲಿ ಚರ್ಚಿತವಾದುದೇ. 1960ರ ದಶಕದಲ್ಲಿ ಇಂಗ್ಲೆಂಡಿನ ಹಾಲಮ್ ಎಂಬ ಸಂಶೋಧಕನು, ಮಕ್ಕಳ ಬುದ್ಧಿವಿಕಾಸವನ್ನು ಕುರಿತ ಪಿಯಾಜೆಯ ಸಿದ್ಧಾಂತವನ್ನು ಇತಿಹಾಸಕ್ಕೆ ಅನ್ವಯಿಸಿ, ಅಮೂರ್ತವಾದ ಐತಿಹಾಸಿಕ ತರ್ಕ ಹದಿನಾರರ ಸುಮಾರಿಗೆ ಮಾತ್ರ ಬರುವುದೆಂದು ಹೇಳಿದನು. ಆದರೆ 1972ರಲ್ಲಿ ಅದೇ ದೇಶದಲ್ಲಿ ಹದಿಮೂರರಿಂದ ಹದಿನಾರರ ವಯಸ್ಸಿನವರಿಗೆಂದೇ ಆರಂಭವಾದ ಇತಿಹಾಸ ಯೋಜನೆಯು ಮೂಲ ಆಧಾರಗಳನ್ನೇ ಮಕ್ಕಳ ಕೈಗಿತ್ತು ಪಾಠ ನಡೆಸಿ, ಯೋಗ್ಯ ರೀತಿಯಿಂದ ಕಲಿಸಿದಲ್ಲಿ ಇನ್ನೂ ಮುಂಚೆಯೇ ಆ ಶಕ್ತಿ ಅಂಕುರಿಸುವುದೆಂಬ ಭರವಸೆಯನ್ನು ಮೂಡಿಸಿತು. ನಮ್ಮ ಹಳ್ಳಿಯ ಶಾಲೆಗಳ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ.

ಹಳ್ಳಿಯ ಶಾಲೆಗೆ ಅತಿ ಸಮೀಪವಾದ ಆಧಾರವೆಂದರೆ ವೀರಗಲ್ಲು. ಊರಬಾಗಿಲಲ್ಲಿಯೋ ಕೆರೆಯ ಏರಿಯ ಮೇಲೆಯೋ ಅರ್ಧ ಹೂತು ನಿಂತಿರುವ ಈ ಕಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳು: ಕೆಳಗಿನದರಲ್ಲಿ ಕಾದಾಟ, ಅದು ತುರುಗೊಳ್, ಎಂದರೆ ದನಗಳ ಸೂರೆ, ಆಗಿದ್ದರೆ ಪಕ್ಕದಲ್ಲಿ ದನಗಳ ಸಾಲು, ನಡುವಿನದರಲ್ಲಿ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಮುಂದೆಯೋ ಜಿನನ ಮುಂದೆಯೋ ಕೈಮುಗಿದು ಕುಳಿತ ವೀರ. ಅಂಕಣಗಳ ನಡುವಣ ಪಟ್ಟಿಯಲ್ಲಿ ಕೆಲವೊಮ್ಮೆ ಬರಹವಿರುವುದು. ಅರಸನ ಹೆಸರು, ಸತ್ತವನ ಹೆಸರು, ಅವನ ಮನೆಯವರಿಗೆ ಬಿಟ್ಟ ನೆತ್ತರುಗೊಡಗೆಯ ಭೂಮಿ ಅದರಲ್ಲಿ ಉಕ್ತವಾಗಿರುವುವು. ಉಪಾಧ್ಯಾಯನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಬಿಲ್ಲು ಹಿಡಿದವನು ಯಾರು, ಕುದುರೆಯ ಮೇಲಿರುವವನು ಯಾರು, ದನಗಳಿಗಾಗಿ ಪ್ರಾಣ ಕೊಡಬೇಕಾಗಿದ್ದ ಕಾಲದ ಬದುಕು ಎಂಥದಾಗಿದ್ದಿರಬೇಕು ಎಂದು ಕೇಳಿದರೆ, ಪಠ್ಯಪುಸ್ತಕದಲ್ಲಿ ಹೆಸರೇ ಬಾರದ ಜನರೂ ಇತಿಹಾಸದಲ್ಲಿದ್ದರೆಂಬುದು ಅವರಿಗೆ ಕಾಣುವುದು. ಹಂಪೆ, ಬೇಲೂರು, ಶ್ರೀರಂಗಪಟ್ಟಣಗಳ ಶಾಲಾ ಪ್ರವಾಸ ನಮ್ಮಲ್ಲಿ ಪ್ರಿಯವಾದ ರೂಢಿಯೇ. ಆದರೆ ಒಂದೇ ದಿನದಲ್ಲಿ ನಾಲ್ಕು ಸ್ಥಳಗಳನ್ನು ಮುಗಿಸುವ ಪ್ರವಾಸಕ್ಕಿಂತ ಊರಿನ ಒಂದು ಕಲ್ಲಿನ ಮುಂದೆ ಕಳೆದ ಒಂದು ಗಂಟೆ ಹೆಚ್ಚು ಫಲಕಾರಿ. ಗೋಡೆಯ ಉದ್ದಕ್ಕೂ ಎಳೆದ ಕಾಲರೇಖೆ, ಗಡಿರೇಖೆಗಳಷ್ಟೇ ಇರುವ ನಕ್ಷೆ ಇವೂ ಉಪಯುಕ್ತ ಸಾಧನಗಳು.

ಇಷ್ಟಾದರೂ ಈ ವ್ಯಾಸಂಗದ ರೂಪವನ್ನು ನಿರ್ಧರಿಸುತ್ತಿರುವುದು ಪರೀಕ್ಷೆ. ಎಸ್.ಎಸ್.ಎಲ್.ಸಿ.ಯಲ್ಲಿ ಸಮಾಜವಿಜ್ಞಾನಕ್ಕೆ 80 ಅಂಕಗಳ ಲಿಖಿತ ಪತ್ರಿಕೆಯೂ 20 ಅಂಕಗಳ ಆಂತರಿಕ ಮೌಲ್ಯಮಾಪನವೂ ಇರುವುವು; ಆ 80ರಲ್ಲಿ ಇತಿಹಾಸ ಇತರ ಐದು ವಿಷಯಗಳೊಡನೆ ಪಾಲು ಹಂಚಿಕೊಳ್ಳಬೇಕು. ಕಾರಣಗಳನ್ನು ಬರೆಯಿರಿ, ಪರಿಣಾಮಗಳನ್ನು ಪಟ್ಟಿಮಾಡಿರಿ ಎಂಬ ಪ್ರಶ್ನೆಗಳಿಗೆ ಉತ್ತರ ಅಂಶಗಳಲ್ಲಿ ಸಿದ್ಧವಾಗಿರುವುದು. ವಿದ್ಯಾರ್ಥಿ ನೋಟ್ಸಿನಿಂದಲೋ ಗೈಡಿನಿಂದಲೋ ಅದನ್ನು ಕಂಠಸ್ಥ ಮಾಡುವನು. ಪರೀಕ್ಷಕನು ಅಂಶಗಳನ್ನೆಣಿಸಿ ಅಂಕ ಕೊಡುವನು. ಲಕ್ಷಾಂತರ ಉತ್ತರಪತ್ರಿಕೆಗಳನ್ನು ಕೆಲವೇ ವಾರಗಳಲ್ಲಿ ನ್ಯಾಯವಾಗಿ ಅಳೆಯಬೇಕಾದಾಗ ಈ ಕ್ರಮಕ್ಕೆ ಸಮರ್ಥನೆಯಿಲ್ಲವೆನ್ನಲಾಗದು. ಆದರೆ ಪಠ್ಯದಲ್ಲಿಲ್ಲದ ಒಂದು ಚಿಕ್ಕ ಶಾಸನಭಾಗವನ್ನೋ ಪತ್ರಭಾಗವನ್ನೋ ಕೊಟ್ಟು, ಅದರಿಂದ ಏನು ತಿಳಿಯುವುದೆಂದು ಕೇಳುವ ಒಂದೇ ಒಂದು ಪ್ರಶ್ನೆ ಪತ್ರಿಕೆಯಲ್ಲಿ ಸೇರಿದರೂ ನಾಡಿನ ಎಲ್ಲ ಪ್ರೌಢಶಾಲೆಗಳ ಪಾಠದ ರೀತಿ ಮರುವರ್ಷವೇ ಬದಲಾಗುವುದರಲ್ಲಿ ಸಂದೇಹವಿಲ್ಲ.

ಪಠ್ಯಪುಸ್ತಕಗಳು ವಿವಾದಗ್ರಸ್ತವಾಗುವುದು ಈ ವಿಷಯಕ್ಕೆ ಅಂಟಿಕೊಂಡೇ ಬಂದಿದೆ. 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ರೊಮಿಲಾ ಥಾಪರ್, ಆರ್. ಎಸ್. ಶರ್ಮ, ಬಿಪನ್ ಚಂದ್ರ ಮೊದಲಾದವರಿಂದ ಬರೆಸಿದ ಪುಸ್ತಕಗಳು 1970ರ ದಶಕದ ಉತ್ತರಾರ್ಧದಲ್ಲಿಯೇ ಆಕ್ಷೇಪಣೆಗೆ ಗುರಿಯಾದುವು. ಕೇಂದ್ರದಲ್ಲಿ ಸರಕಾರಗಳು ಬದಲಾದಂತೆ ಪುಸ್ತಕಗಳೂ ಬದಲಾಗಿವೆ. ಕರ್ನಾಟಕದಲ್ಲಿ 2017ರಲ್ಲಿ ಪರಿಷ್ಕೃತವಾಗಿ ಬಂದ ಸಮಾಜವಿಜ್ಞಾನದ ಪುಸ್ತಕಗಳು 2022ರಲ್ಲಿ ಮತ್ತೆ ಪರಿಷ್ಕೃತವಾಗಿ ತೀವ್ರ ವಾಗ್ವಾದಕ್ಕೆ ಎಡೆಯಾದುವು. 2023ರಲ್ಲಿ ಆ ಪರಿಷ್ಕರಣಗಳಲ್ಲಿ ಕೆಲವನ್ನು ಕೈಬಿಡಲಾಯಿತು. ಯಾವ ಪುರುಷರ ಪಾಠ ಇರಬೇಕು, ಯಾವುದು ಹೋಗಬೇಕು ಎಂಬುದೇ ಇಂಥ ವಾದಗಳಲ್ಲಿ ಮುಖ್ಯವಾಗಿ, ಇರುವ ಪಾಠವನ್ನು ಮಕ್ಕಳು ಹೇಗೆ ಪರೀಕ್ಷಿಸಿ ಓದಬೇಕೆಂಬ ಮಾತು ಹಿಂದೆ ಬೀಳುವುದು ಖೇದಕರ.

ಕೇಂದ್ರ ಮಂಡಳಿಯ ಶಾಲೆಗಳ ಪಾಠಕ್ರಮ ಕರ್ನಾಟಕದ್ದಕ್ಕಿಂತ ಭಿನ್ನ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಅನುಸಾರ ರಚಿತವಾದ ಒಂಬತ್ತು ಹತ್ತನೆಯ ತರಗತಿಗಳ ಇತಿಹಾಸಪುಸ್ತಕಗಳು ಅರಸರ ಪರಂಪರೆಯನ್ನು ಬಿಟ್ಟು, ಫ್ರಾನ್ಸ್ ಮತ್ತು ರಷ್ಯದ ಕ್ರಾಂತಿಗಳು, ಅರಣ್ಯವಾಸಿಗಳ ಬದುಕು, ಪಶುಪಾಲಕರು, ಕೈಗಾರಿಕೀಕರಣ, ಮುದ್ರಣಸಂಸ್ಕೃತಿ ಎಂಬ ವಿಷಯಗಳನ್ನೇ ಘಟಕಗಳಾಗಿ ಹಿಡಿದು, ಪುಟಪುಟಕ್ಕೂ ಮೂಲ ಆಧಾರಗಳ ತುಣುಕುಗಳನ್ನು ಚೌಕಟ್ಟಿನಲ್ಲಿ ಕೊಟ್ಟುವು. ಈ ಕ್ರಮ ಅನುಕರಣೀಯ. ಆದರೆ ಬೆಂಗಳೂರಿನ ಅಂಥ ಶಾಲೆಯೊಂದರಲ್ಲಿ ಓದುವ ಬಾಲಕನಿಗೆ ಆ ಎರಡು ವರ್ಷಗಳ ಪುಸ್ತಕಗಳಲ್ಲಿ ಕದಂಬರೂ ರಾಷ್ಟ್ರಕೂಟರೂ ಸಿಗುವುದಿಲ್ಲವೆಂಬುದನ್ನೂ ಹೇಳತಕ್ಕದ್ದು.

ಪದವಿಪೂರ್ವ ತರಗತಿಗಳಲ್ಲಿ ಕಲಾ ವಿಭಾಗವನ್ನು ಆರಿಸಿಕೊಂಡವರು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಜೊತೆಗೆ ಇತಿಹಾಸವನ್ನು ಐಚ್ಛಿಕವಾಗಿ ಓದುವರು. ಅಲ್ಲಿ ಅದಕ್ಕೆ ಪ್ರತ್ಯೇಕ ಪತ್ರಿಕೆಯೂ ಇತಿಹಾಸದಲ್ಲಿಯೇ ಸ್ನಾತಕೋತ್ತರ ಪದವಿ ಪಡೆದ ಉಪನ್ಯಾಸಕರೂ ಉಂಟು. ಪ್ರೌಢಶಾಲೆಯಲ್ಲಿ ಈ ಅನುಕೂಲವಿಲ್ಲ. ಕಲಾವಿಷಯಗಳಲ್ಲಿ ಪದವಿಯನ್ನೂ ಬಿ.ಎಡ್. ತರಬೇತಿಯನ್ನೂ ಪಡೆದ ಒಬ್ಬನೇ ಉಪಾಧ್ಯಾಯನು ಬ್ಯಾಂಕಿನ ವ್ಯವಹಾರದಿಂದ ಹಿಡಿದು ಬ್ರಹ್ಮಗಿರಿಯ ಶಾಸನದವರೆಗೆ ಎಲ್ಲವನ್ನೂ ಕಲಿಸಬೇಕು. ಅವನು ಕಾಲೇಜಿನಲ್ಲಿ ಇತಿಹಾಸವನ್ನೇ ಓದಿದವನಾಗಿರಬೇಕೆಂದಿಲ್ಲ. ಅಂಥವರಿಗಾಗಿ ಬೇಸಗೆಯ ರಜೆಯಲ್ಲಿ ಆಯಾ ಜಿಲ್ಲೆಯ ಶಾಸನ, ಸ್ಮಾರಕ, ಲಾವಣಿಗಳನ್ನು ಸ್ಥಳದಲ್ಲಿಯೇ ಪರಿಚಯಿಸುವ ಶಿಬಿರಗಳನ್ನು ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳೂ ಪುರಾತತ್ವ ಇಲಾಖೆಯೂ ಕೂಡಿ ಏರ್ಪಡಿಸುವುದು ಸಾಧ್ಯವಾದ ಕೆಲಸ. ಅದಕ್ಕೆ ಹೊಸ ಪಠ್ಯಪುಸ್ತಕವಾಗಲಿ ಹೊಸ ಆಯೋಗವಾಗಲಿ ಬೇಕಿಲ್ಲ.